ಪಡ್ಡಲಗಿಗೆ ಬಿದ್ದ ಎಸಳು

ಸೌಗಂಧಿಯ ಮಣಿಕಟ್ಟು ಮುರಿದದ್ದು ಅರ್ಧ ಕೊಡ ನೀರು ಎತ್ತುವಾಗ. ಅವಳು ಜಾರಿ ಬಿದ್ದಿರಲಿಲ್ಲ, ಯಾರೂ ಹೊಡೆದಿರಲಿಲ್ಲ. ಕೊಡದ ಕಂಠ ಹಿಡಿದು ಎತ್ತಿದಳು. ಒಣಗಿದ ಜೋಳದ ದಂಟು ಮುರಿದ ಹಾಗೆ ಒಂದು ಸದ್ದಾಯಿತು. ಕೊಡ ನೆಲಕ್ಕೆ ಬಿತ್ತು. ಆಗ ಅವಳಿಗೆ ಇಪ್ಪತ್ತಾರು ವರ್ಷ.

ಕಾಗೆಗುಡ್ಡ ಕೇಂದ್ರ ಕಾರಾಗೃಹದ ಏಳನೇ ಕೊಠಡಿಯಲ್ಲಿ ಅವಳ ಜೊತೆ ಇನ್ನೂ ನಾಲ್ವರಿದ್ದರು. ಐವರೂ ಹುಟ್ಟಿದಾಗ ಗಂಡೆಂದು ಬರೆಸಿಕೊಂಡು ಹೆಣ್ಣಾಗಿ ಬದುಕಿದವರು, ಒಂದೇ ಮನೆಯ ಜೋಗತಿಯರು. ಬಸ್ ನಿಲ್ದಾಣದ ಹೊಡೆದಾಟವೊಂದರಲ್ಲಿ ಒಬ್ಬನ ಕಣ್ಣು ಹೋಗಿತ್ತು. ಯಾರ ಕೈ ತಗುಲಿತೆಂದು ತಿಳಿಯದೆ ಪೊಲೀಸರು ಐವರನ್ನೂ ತಂದು ಹಾಕಿದ್ದರು. ಜಾಮೀನಿಗೆ ರಕ್ತಸಂಬಂಧಿ ಬಂದು ಸಹಿ ಹಾಕಬೇಕೆಂಬುದು ನಿಯಮ. ಆ ಐವರಲ್ಲಿ ಒಬ್ಬರಿಗೂ ಅಂಥ ಸಂಬಂಧಿ ಉಳಿದಿರಲಿಲ್ಲ. ವಿಚಾರಣೆಯ ಸರದಿ ಬರಲು ಎರಡು ವರ್ಷವಾದರೂ ಬೇಕು ಎಂದು ವಕೀಲರು ಹೇಳಿ ಹೋದವರು ಮತ್ತೆ ಬಂದಿರಲಿಲ್ಲ.

ಆ ಕಾಲಕ್ಕೆ ಜೈಲುಗಳಲ್ಲಿ ವೈದ್ಯರೇ ಇರಲಿಲ್ಲ. ಕರೆದರೂ ಬರುವವರಿಲ್ಲದ್ದರಿಂದ ಸರ್ಕಾರ ಪ್ರತಿ ಕೊಠಡಿಯ ಗೋಡೆಗೂ ಒಂದು ಪೆಟ್ಟಿಗೆ ಕೂರಿಸಿತ್ತು. ಅದರ ತೂತಿಗೆ ಬೆರಳು ಕೊಟ್ಟರೆ ಸೊಳ್ಳೆ ಕಡಿದಷ್ಟು ಚುಚ್ಚಿ, ಒಂದು ಹನಿ ರಕ್ತದಲ್ಲಿ ನೂರಾ ನಲವತ್ತು ಅಂಶಗಳನ್ನು ಅಳೆಯುತ್ತಿತ್ತು. ಯಾವುದು ಕಡಿಮೆ, ಯಾವುದು ಹೆಚ್ಚು ಎಂದು ತನ್ನ ಪಟ್ಟಿಯ ಜೊತೆ ಹೋಲಿಸಿ, ಬೇಕಾದ ಮದ್ದನ್ನು ಅಲ್ಲೇ ಒಳಗೆ ತೆಳ್ಳನೆಯ ಎಸಳಿನಂತೆ ಮಾಡಿ ಕೆಳಗಿನ ಬಾಯಿಂದ ಉದುರಿಸುತ್ತಿತ್ತು. ನಾಲಗೆಯ ಮೇಲಿಟ್ಟರೆ ಕರಗುವ ಎಸಳು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕ್ಷಯ, ಎಲ್ಲದಕ್ಕೂ ಅದೇ. ಕೈದಿಗಳು ಮೊದಮೊದಲು ಡಬ್ಬಿ ಡಾಕ್ಟ್ರು ಎಂದು ನಕ್ಕರು, ಆಮೇಲೆ ಅದಕ್ಕೇ ಒಗ್ಗಿಕೊಂಡರು. ಹೊರಗಿನ ಮನೆಗಳಿಗೂ ಅದು ಬಂತು.

ಪೆಟ್ಟಿಗೆಯೊಳಗೆ ಪಟ್ಟಿಗಳಿದ್ದದ್ದು ಎರಡೇ, ಗಂಡು ಮತ್ತು ಹೆಣ್ಣು. ಮೊದಲ ದಿನ ಪರದೆಯ ಮೇಲೆ ಒಂದನ್ನು ಒತ್ತಬೇಕು. ಏಳನೇ ಕೊಠಡಿಯವರು ಹೆಣ್ಣು ಒತ್ತಿದರೆ ದಾಖಲೆಗೂ ದೇಹಕ್ಕೂ ಹೊಂದಾಣಿಕೆ ಇಲ್ಲವೆಂದು ಪೆಟ್ಟಿಗೆ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಗಂಡು ಒತ್ತಿದರೆ ಒಡನೆ ಗಂಡು ಹಾರ್ಮೋನಿನ ಎಸಳು ಉದುರುತ್ತಿತ್ತು. ಐವರೂ ಬೇರೆ ಬೇರೆ ವಯಸ್ಸಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡು ಹಾರ್ಮೋನು ಹುಟ್ಟುವ ಜಾಗವೇ ಅವರ ದೇಹದಲ್ಲಿರಲಿಲ್ಲ. ಹೊರಗಿದ್ದಾಗ ಹೆಣ್ಣು ಹಾರ್ಮೋನಿನ ಮಾತ್ರೆ ನುಂಗುತ್ತಿದ್ದರು. ಎರಡರಲ್ಲಿ ಒಂದಾದರೂ ರಕ್ತದಲ್ಲಿಲ್ಲದಿದ್ದರೆ ಎಲುಬು ಒಳಗಿಂದೊಳಗೇ ಟೊಳ್ಳಾಗುತ್ತದೆ. ಬರೀ ಎಲುಬಿನ ಮದ್ದನ್ನು ಪೆಟ್ಟಿಗೆ ಕೊಡುತ್ತಿರಲಿಲ್ಲ, ಮೂಲ ಕಾರಣ ಸರಿಪಡಿಸದೆ ಲಕ್ಷಣಕ್ಕೆ ಮದ್ದು ಕೊಡಬಾರದೆಂಬ ನಿಯಮವಿತ್ತು. ಐವರಲ್ಲಿ ಯಾರೂ ಗಂಡು ಒತ್ತಲಿಲ್ಲ. ಹದಿನಾಲ್ಕು ತಿಂಗಳು ಏನೂ ಇಲ್ಲದೆ ಕಳೆದರು. ಅದಾದ ಮೇಲೆ ಆ ಅರ್ಧ ಕೊಡ ನೀರು.

*

ಜೈಲಿನಿಂದ ಐವತ್ತು ಕಿಲೋಮೀಟರು ದೂರದ ಜಿಲ್ಲಾ ಕೇಂದ್ರದಲ್ಲಿ, ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನ ಎರಡನೇ ಮಹಡಿಯಲ್ಲಿ, ನೀಲಾಂಬಿಕಾ ಹೂಗಾರ ಒಂಬತ್ತು ಜೈಲುಗಳ ಪೆಟ್ಟಿಗೆಗಳನ್ನು ನೋಡಿಕೊಳ್ಳುತ್ತಿದ್ದಳು. ಅವಳ ಪರದೆಯ ಮೇಲೆ ನಾಲ್ಕು ಸಾವಿರ ಬೆರಳುಗಳು ನಾಲ್ಕು ಸಾವಿರ ಹಸಿರು ಚುಕ್ಕೆಗಳಾಗಿದ್ದವು. ಹದಿಮೂರು ವರ್ಷದ ಕೆಲಸದಲ್ಲಿ ಅವಳು ಒಂದು ಜೈಲಿನ ಒಳಗೂ ಕಾಲಿಟ್ಟಿರಲಿಲ್ಲ. ಇಡಬೇಕಾದ ಅಗತ್ಯವೂ ಬಿದ್ದಿರಲಿಲ್ಲ.

ಮುರಿದ ಮಣಿಕಟ್ಟಿನ ಎಕ್ಸ್‌ರೇ ಚಿತ್ರ ಅವಳ ಮುಂದೆ ಬಂದಾಗ ವಯಸ್ಸು ತಪ್ಪಾಗಿ ನಮೂದಾಗಿದೆಯೆಂದುಕೊಂಡಳು. ಆ ಎಲುಬು ಎಂಬತ್ತು ವರ್ಷದ ಮುದುಕಿಯದರಂತಿತ್ತು. ಉಳಿದ ನಾಲ್ವರ ಚಿತ್ರ ತರಿಸಿ ನೋಡಿದಳು. ತನ್ನ ಒಂಬತ್ತು ಜೈಲುಗಳಲ್ಲಿ ಇಂಥವರು ಎಷ್ಟಿದ್ದಾರೆಂದು ಎಣಿಸಿದಳು. ನೂರಾ ಎಪ್ಪತ್ತಮೂರು ಚುಕ್ಕೆಗಳು, ಒಂದೂ ಹಸಿರಿರಲಿಲ್ಲ. ಅವು ಬೂದು ಬಣ್ಣದಲ್ಲಿದ್ದವು, ಬೂದು ಎಂದರೆ ಮಾಹಿತಿ ಇಲ್ಲ ಎಂದರ್ಥ. ಇಷ್ಟು ವರ್ಷ ಅವನ್ನು ಕೆಟ್ಟುಹೋದ ಪೆಟ್ಟಿಗೆಗಳೆಂದು ತಿಳಿದು ದಾಟಿ ಹೋಗುತ್ತಿದ್ದಳು.

ಎಂಟು ತಿಂಗಳು ಬರೆದು, ಓಡಾಡಿ, ಬೈಸಿಕೊಂಡು ಅವಳು ಮೂರನೇ ಪಟ್ಟಿಯೊಂದಕ್ಕೆ ಪ್ರಯೋಗದ ಅನುಮತಿ ತಂದಳು. ಏಳನೇ ಕೊಠಡಿಯ ಐವರಿಗೆ ತೊಂಬತ್ತು ದಿನ ಹೆಣ್ಣು ಹಾರ್ಮೋನಿನ ಎಸಳು ಕೊಡಬೇಕು. ಪ್ರತಿ ದೇಹಕ್ಕೆ ಎಷ್ಟು ಸಾಕೆಂಬುದನ್ನು ಪೆಟ್ಟಿಗೆ ತಾನೇ ಅಳೆದು ಕಲಿಯಬೇಕು. ಅಳತೆಗಳು ಒಂದು ಮಿತಿಯೊಳಗೆ ನಿಂತರೆ ಅದೇ ಮೂರನೇ ಪಟ್ಟಿ, ಎಲ್ಲ ಜೈಲುಗಳಿಗೂ. ಐವರಲ್ಲಿ ಒಬ್ಬರದು ಮಿತಿ ದಾಟಿದರೂ ಪ್ರಯೋಗ ತಾನಾಗಿಯೇ ಮುಚ್ಚುತ್ತದೆ, ಮತ್ತೆ ತೆರೆಯುವುದಿಲ್ಲ. ನಿರ್ದೇಶಕರು ಈ ಕೊನೆಯ ಸಾಲನ್ನು ಬೆರಳಿಟ್ಟು ತೋರಿಸಿಯೇ ಸಹಿ ಹಾಕಿದ್ದರು.

*

ಮೊದಲ ಬೆಳಿಗ್ಗೆ ಐದು ಎಸಳು ಉದುರಿದವು. ಮಲ್ಲಿಗೆಯಷ್ಟು ಬಿಳುಪು. ಕೊಠಡಿಯ ಹಿರಿಯಳು, ಉಳಿದ ನಾಲ್ವರಿಗೂ ಗುರುವಾದ ಹುಲಿಗೆವ್ವ, ಯಾರೂ ಬಾಯಿಗಿಡದಂತೆ ಕೈ ಅಡ್ಡ ಹಿಡಿದಳು.

ಜೋಗತಿಯರ ಮನೆಯಲ್ಲಿ ಒಂದು ರೀತಿಯಿದೆ. ದೇವಿಯ ಹೆಸರಲ್ಲಿ ಮನೆಮನೆ ತಿರುಗಿ ಬೇಡಿದ ಜೋಗ, ಕಾಳಿರಲಿ, ಕಾಯಿರಲಿ, ಬೇಡಿದವಳ ಸ್ವಂತದ್ದಲ್ಲ. ಎಲ್ಲವೂ ಪಡ್ಡಲಗಿ ಎಂಬ ಬಿದಿರಿನ ಬುಟ್ಟಿಗೆ ಬೀಳಬೇಕು. ಅಲ್ಲಿಂದ ಗುರುವಿನ ಕೈ ಅದನ್ನು ಪಾಲು ಮಾಡುತ್ತದೆ. ಕಾಯಿಲೆಯವಳಿಗೆ ಹೆಚ್ಚು, ಗಟ್ಟಿಯಿದ್ದವಳಿಗೆ ಕಡಿಮೆ. ಗುರು ಕೊಟ್ಟದ್ದನ್ನು ಬೇಡ ಎನ್ನುವ ಹಾಗಿಲ್ಲ. ಅವರ ಪಡ್ಡಲಗಿಯನ್ನು ಜೈಲಿನ ಬಾಗಿಲಲ್ಲೇ ಕಸಿದುಕೊಂಡಿದ್ದರು. ಈಗ ಊಟದ ಅಲ್ಯೂಮಿನಿಯಂ ತಟ್ಟೆಯೇ ಪಡ್ಡಲಗಿಯಾಗಿತ್ತು. ಐದೂ ಎಸಳು ತಟ್ಟೆಗೆ ಬಿದ್ದವು. ಹುಲಿಗೆವ್ವ ಕಣ್ಣು ಮುಚ್ಚಿ ತಾಯಿಯನ್ನು ನೆನೆದು ಮೂವರಿಗೆ ಒಂದೊಂದು ಕೊಟ್ಟಳು, ಸೌಗಂಧಿಗೆ ಎರಡು ಕೊಟ್ಟಳು.

ಗುರುವಿಗೇ ಉಳಿಯಲಿಲ್ಲವಲ್ಲ ಎಂದು ಸೌಗಂಧಿ ಹಿಂದೆಗೆದಾಗ, ಎರಡನೆಯವಳಾದ ಚಂದ್ರವ್ವ ನಕ್ಕು ತಗೋ ತಗೋ ಎಂದಳು. ಅವ್ವಗ ಈಗ ಚಂದ ಆಗಿ ಯಾರಿಗೆ ತೋರಿಸಬೇಕಾಗೈತಿ ಎಂದು ಚುಡಾಯಿಸಿದಳು. ಹುಲಿಗೆವ್ವನೂ ನಕ್ಕಳು. ಅವಳಿಗೆ ಐವತ್ತೊಂಬತ್ತು, ಬೆನ್ನು ಆಗಲೇ ಬಾಗಿತ್ತು.

"ಮುದಿ ಎತ್ತಿನ ಕೋಡಿಗೆ ಬಣ್ಣ ಬಳದ್ರ ಅದು ಗಳೇ ಹೊಡೀತದೇನು? ನುಂಗ, ಮಗಳ."

ಎಸಳು ಬಾಯಿಗೆ ಹೋಗುವುದನ್ನು ನಿಂತು ನೋಡಬೇಕಾದ್ದು ಜಮೇದಾರ ಫಕೀರಸಾಬನ ಕೆಲಸ. ತಟ್ಟೆ, ಮುಚ್ಚಿದ ಕಣ್ಣು, ಮುಗಿದ ಕೈ ಕಂಡು ಅವನು ಅದು ಅವರ ದೇವರ ಕಾರ್ಯವೆಂದುಕೊಂಡ. ದೇವರ ಕಾರ್ಯವನ್ನು ದಿಟ್ಟಿಸಿ ನೋಡಬಾರದೆಂದು ಬೇರೆ ಕಡೆ ತಿರುಗಿ ನಿಂತ. ದಿನವೂ ಹಾಗೇ ನಿಂತ.

ಒಂದು ತಿಂಗಳು ಕಳೆಯುವಷ್ಟರಲ್ಲಿ ಆ ಕೊಠಡಿಯಲ್ಲಿ ನಗು ಹೆಚ್ಚಾಯಿತು. ಸೌಗಂಧಿಯ ಕೆನ್ನೆ ತುಂಬಿಕೊಂಡಿತು, ರಾತ್ರಿ ಮೈಯೆಲ್ಲ ಕೆಂಡ ಸುರಿದಂತಾಗುತ್ತಿದ್ದುದು ನಿಂತಿತು, ತಿಂಗಳುಗಟ್ಟಲೆ ಕೂಡಿಕೊಳ್ಳದಿದ್ದ ಮಣಿಕಟ್ಟು ಕೂಡಿಕೊಂಡು ಅದರ ಪಟ್ಟಿ ಬಿಚ್ಚಿದರು. ಹುಲಿಗೆವ್ವನ ಎಸಳು ಮಾತ್ರ ವಾರದಿಂದ ವಾರಕ್ಕೆ ಬಣ್ಣ ಬದಲಿಸುತ್ತಿತ್ತು. ಅವಳ ರಕ್ತದಲ್ಲಿ ಹಾರ್ಮೋನು ಏರುತ್ತಿಲ್ಲವೆಂದು ಕಂಡ ಪೆಟ್ಟಿಗೆ ಮದ್ದನ್ನು ಹೆಚ್ಚಿಸುತ್ತ ಹೋಗಿತ್ತು. ಮದ್ದು ಹೆಚ್ಚಿದಷ್ಟೂ ಎಸಳು ಗಾಢವಾಗುತ್ತದೆ. ಬಿಳುಪು ಗುಲಾಬಿಯಾಯಿತು, ಗುಲಾಬಿ ಕುಂಕುಮವಾಯಿತು. ಕುಂಕುಮದ ಬಣ್ಣ ಕಂಡು ಹುಲಿಗೆವ್ವನಿಗೆ ಅದು ತಾಯಿಯ ಕೃಪೆಯೆಂದೇ ಅನ್ನಿಸಿತು. ಕೆಂಪು ಎಸಳನ್ನು ಹಣೆಗೊತ್ತಿಕೊಂಡು ಮಗಳ ನಾಲಗೆಗೆ ತಾನೇ ಇಡತೊಡಗಿದಳು.

*

ನೀಲಾಂಬಿಕಾಗೆ ಕಂಡದ್ದು ಎರಡು ಗೆರೆಗಳು. ಹುಲಿಗೆವ್ವನ ಗೆರೆ ನೆಲ ಬಿಟ್ಟು ಏಳುತ್ತಿಲ್ಲ. ಸೌಗಂಧಿಯದು ಕೊಟ್ಟ ಮದ್ದಿಗೆ ಮೀರಿ ಮೇಲೇರುತ್ತಿದೆ. ಒಂದು ಎಸಳಿನಿಂದ ಅಷ್ಟು ಏರಲು ಸಾಧ್ಯವೇ ಇಲ್ಲವೆಂದು ಅವಳ ಲೆಕ್ಕ ಹೇಳುತ್ತಿತ್ತು. ಸಾಧ್ಯವಿಲ್ಲದ್ದು ಕಂಡರೆ ಉಪಕರಣ ತಪ್ಪು ಹೇಳುತ್ತಿದೆ ಎಂದರ್ಥ. ಅವಳ ಹದಿಮೂರು ವರ್ಷದ ಅನುಭವದಲ್ಲಿ ಹತ್ತಕ್ಕೆ ಒಂಬತ್ತು ಸಲ ಅದೇ ನಿಜವಾಗಿತ್ತು.

ನಲವತ್ತಾರನೇ ದಿನ ಸೌಗಂಧಿಯ ಗೆರೆ ಮಿತಿಗೆ ತಾಗಿ ಪರದೆಯ ಅಂಚು ಕೆಂಪಾಯಿತು. ಒಂದು ನಿಮಿಷದೊಳಗೆ ಏನಾದರೂ ಮಾಡದಿದ್ದರೆ ಪ್ರಯೋಗ ಮುಚ್ಚುತ್ತದೆ. ನೂರಾ ಎಪ್ಪತ್ತಮೂರು ಬೂದು ಚುಕ್ಕೆಗಳು ಬೂದಾಗಿಯೇ ಉಳಿಯುತ್ತವೆ. ನೀಲಾಂಬಿಕಾ 'ಉಪಕರಣ ದೋಷ' ಎಂಬುದನ್ನು ಒತ್ತಿದಳು. ಕೆಂಪು ಹೋಯಿತು. ಒತ್ತಿದ ಮೇಲೆ ಒಂದಷ್ಟು ದಿನ ಪೆಟ್ಟಿಗೆ ಆ ಬೆರಳಿನ ಅಳತೆಯನ್ನು ನಂಬುವುದಿಲ್ಲ. ಕಣ್ಣು ಮುಚ್ಚಿಕೊಂಡು ನಿಗದಿಯ ಎಸಳು ಕೊಡುತ್ತಿರುತ್ತದೆ. ಅದು ಅವಳಿಗೆ ಗೊತ್ತಿತ್ತು. ಪೆಟ್ಟಿಗೆಯ ಸೂಜಿ ಬದಲಿಸಲು ಪತ್ರ ಬರೆದಳು. ಸೂಜಿ ಬರಲಿಲ್ಲ. ಐವತ್ತೆಂಟನೇ ದಿನ ಮತ್ತೆ ಕೆಂಪಾಯಿತು, ಮತ್ತೆ ಒತ್ತಿದಳು. ಅರವತ್ತೇಳನೇ ದಿನ ಒತ್ತುವಾಗ ಅವಳ ಕೈ ಒಂದು ಕ್ಷಣ ನಿಂತಿತು. ಒಂದು ಸಲ ಹೋಗಿ ನೋಡಿಬರಲೇ ಎಂದು ಯೋಚನೆ ಬಂತು. ಹೋಗಿ ನೋಡಿದರೆ ನೋಡಿದ್ದನ್ನು ಬರೆಯಬೇಕಾಗುತ್ತದೆ. ಒತ್ತಿದಳು.

ಎಪ್ಪತ್ತೊಂದನೇ ದಿನ ಭಾನುವಾರ. ಮಧ್ಯಾಹ್ನದ ಊಟಕ್ಕೆ ಕೂತಾಗ ಅತ್ತೆ ಈರವ್ವ ಎಂದಿನಂತೆ ಲೋಟದ ತುಂಬ ಮಜ್ಜಿಗೆ ತಂದಿಟ್ಟಳು. ಲೋಟದ ಅಂಚಿಗೆ ಮೀನಿನ ಪೊರೆಯಂಥದ್ದೇನೋ ಅಂಟಿಕೊಂಡಿತ್ತು. ನೀಲಾಂಬಿಕಾ ಅದನ್ನು ಬೆರಳಿಂದ ತೆಗೆದು ಬೆಳಕಿಗೆ ಹಿಡಿದಳು. ಅವಳ ಅನ್ನ ಅದರಿಂದಲೇ ಬರುವುದು, ಗುರುತು ಸಿಕ್ಕಲು ಹೊತ್ತಾಗಲಿಲ್ಲ. ಅತ್ತೆಯ ಮಂಡಿನೋವಿಗೆ ಮನೆಯ ಪೆಟ್ಟಿಗೆ ದಿನವೂ ಕೊಡುವ ಎಲುಬಿನ ಎಸಳು ಅದು. ಅತ್ತೆಯ ಅಳತೆ ಏಕೆ ಏರುತ್ತಿಲ್ಲವೆಂದು ಅವಳು ಒಂದು ವರ್ಷದಿಂದ ತಲೆ ಕೆಡಿಸಿಕೊಂಡಿದ್ದಳು.

ಈರವ್ವ ಮೊದಲು ಗೊತ್ತಿಲ್ಲವೆಂದಳು, ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡಳು.

"ದಿನಾ ಟೊಂಕ ಹಿಡಕೊಂಡು ಬರ್ತಿ. ನನ್ನ ಮಂಡಿ ಇನ್ನ ಎಲ್ಲಿ ಓಡಬೇಕಾಗೈತಿ, ನೀಲಾ? ಇದ್ದದ್ದು ದುಡಿಯೋ ಮೈಗೆ ಬೀಳಲಿ ಅಂತ ಹಾಕ್ತಿದ್ದೆ."

ನೀಲಾಂಬಿಕಾ ಸಿಟ್ಟಾಗಲು ಬಾಯಿ ತೆರೆದಳು. ಎಸಳನ್ನು ತಟ್ಟೆಯ ಅಂಚಿಗಿಟ್ಟಳು. ಏರದ ಒಂದು ಗೆರೆ, ಏರಬಾರದಷ್ಟು ಏರಿದ ಇನ್ನೊಂದು ಗೆರೆ. ಹುಲಿಗೆವ್ವನ ಇವತ್ತಿನ ಎಸಳು ಮೊದಲಿನದಕ್ಕಿಂತ ಆರು ಪಟ್ಟು. ಅದು ಹೋಗುತ್ತಿರುವುದು ಯಾರ ಬಾಯಿಗೆ ಎಂಬುದು ಅವಳಿಗೆ ಊಟದ ತಟ್ಟೆಯ ಮುಂದೆ ಕೂತಲ್ಲೇ ಸ್ಪಷ್ಟವಾಯಿತು. ಆ ಹಾರ್ಮೋನು ಅಷ್ಟು ಹೆಚ್ಚಾದರೆ ಏನಾಗುತ್ತದೆಂಬುದು ಮೊದಲೇ ಗೊತ್ತಿತ್ತು. ರಕ್ತ ಹೆಪ್ಪುಗಟ್ಟುತ್ತದೆ, ಸಾಮಾನ್ಯವಾಗಿ ಕಾಲಿನಲ್ಲಿ. ಅಲ್ಲಿಂದ ಒಂದು ಚೂರು ಸಡಿಲಾಗಿ ಶ್ವಾಸಕೋಶಕ್ಕೆ ಹೋದರೆ ಅರ್ಧ ಗಂಟೆಯೂ ಬೇಡ.

ಜೈಲಿಗೆ ಫೋನು ಮಾಡಿದಳು. ಫಕೀರಸಾಬ ಎತ್ತಿಕೊಂಡ. ಏಳನೇ ಕೊಠಡಿಯ ಸೌಗಂಧಿ ಹೇಗಿದ್ದಾಳೆ, ಕಾಲು ಹೇಗಿದೆ ಎಂದು ಕೇಳಿದಳು. ನಾಲ್ಕು ದಿನದಿಂದ ಅವಳು ಕೂತಲ್ಲಿಂದ ಎದ್ದಿಲ್ಲ, ಕೇಳಿದರೆ ಮುಳ್ಳು ಚುಚ್ಚಿದೆ ಅನ್ನುತ್ತಾರೆ, ಕಾಲಿಗೆ ಸೀರೆ ಮುಚ್ಚಿದ್ದಾರೆ ಎಂದ.

*

ಅವಳು ಬಸ್ಸು ಹಿಡಿದು ಬಂದು ಕಾಗೆಗುಡ್ಡ ಮುಟ್ಟಿದಾಗ ನಾಲ್ಕು ಗಂಟೆ. ಅದಿರಿನ ಕೆಂಪು ಧೂಳು ಜೈಲಿನ ಗೋಡೆಗೆ, ಬಾಗಿಲಿಗೆ, ಕಾವಲುಗಾರನ ಹುಬ್ಬಿಗೆ ಕೂಡ ಕೂತಿತ್ತು. ಗುರುತಿನ ಚೀಟಿ ತೋರಿಸಿ ಒಳಗೆ ಹೋಗಲು ಮುಕ್ಕಾಲು ಗಂಟೆ ಹಿಡಿಯಿತು.

ಅವಳ ಪರದೆಯ ಚುಕ್ಕೆಗಳು ಅಲ್ಲಿ ಬೆವರಿನ ವಾಸನೆಯ ಐದು ಮಂದಿಯಾಗಿದ್ದವು. ಸೌಗಂಧಿ ಗೋಡೆಗೆ ಒರಗಿ ಕೂತಿದ್ದಳು. ನೀಲಾಂಬಿಕಾ ಕೇಳದೆಯೇ ಸೀರೆ ಸರಿಸಿದಳು. ಎಡಗಾಲು ಮೀನಖಂಡದಿಂದ ತೊಡೆಯವರೆಗೆ ಊದಿ ಹೊಳೆಯುತ್ತಿತ್ತು. ಮುಟ್ಟಿದರೆ ಬಿಸಿ. ಉಸಿರು ಸಣ್ಣದಾಗಿ, ಬೇಗ ಬೇಗ ಬರುತ್ತಿತ್ತು. ಏಕೆ ಮುಚ್ಚಿಟ್ಟಿರಿ ಎಂದು ಕೇಳಿದಾಗ ಚಂದ್ರವ್ವ ತಲೆ ತಗ್ಗಿಸಿದಳು. ಒಬ್ಬರಿಗೆ ಹೆಚ್ಚುಕಮ್ಮಿಯಾದರೆ ಎಸಳು ಎಲ್ಲರಿಗೂ ನಿಲ್ಲುತ್ತದೆಂದು ಮೊದಲ ದಿನವೇ ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರಂತೆ. ನೀಲಾಂಬಿಕಾಗೆ ನೆನಪಿತ್ತು, ಆ ಕಾಗದವನ್ನು ಬರೆದವಳು ಅವಳೇ.

ಕೂಡಲೇ ಪಟ್ಟಣದ ಆಸ್ಪತ್ರೆಗೆ ಹೋಗಬೇಕು ಎಂದಳು. ಸೌಗಂಧಿ ಸೀರೆಯನ್ನು ಮತ್ತೆ ಕಾಲಿನ ಮೇಲೆ ಎಳೆದುಕೊಂಡಳು.

"ತೊಂಬತ್ತಕ್ಕ ಇನ್ನ ಹತ್ತೊಂಬತ್ತು ದಿನ ಅದಾವ್ರಿ ಅಕ್ಕಾರ. ಅಲ್ಲೀತನಾ ತಡೀತೀನಿ. ಒಂದು ಕಾಲ ಹೋದ್ರ ಹೋಗಲಿ, ಇವರದಾದ್ರೂ ಉಳೀತದ."

ಹೋಗುವುದು ಕಾಲಲ್ಲ, ಜೀವ ಎಂದು ನೀಲಾಂಬಿಕಾ ಹೇಳಬೇಕಾಯಿತು. ಹೆಪ್ಪು ಎಲ್ಲಿಂದ ಬಂತು, ಎಲ್ಲಿಗೆ ಹೋಗಬಹುದು ಎಂಬುದನ್ನೆಲ್ಲ ಹೇಳಿದಳು. ಕುಂಕುಮದ ಬಣ್ಣದ ಎಸಳೆಂದರೆ ಏನೆಂಬುದನ್ನೂ ಹೇಳಿದಳು. ಹೇಳುತ್ತ ಹುಲಿಗೆವ್ವನ ಕಡೆ ನೋಡಲಾಗಲಿಲ್ಲ. ಹುಲಿಗೆವ್ವ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ನನ್ನ ಕೈಯಿಂದ ಆತೇನ್ರಿ?"

"ನನ್ನ ಕೈಯಿಂದ ಆತು, ಅವ್ವಾ. ಯಂತ್ರ ಮೂರು ಸಲ ಹೇಳ್ತು, ಮೂರು ಸಲಾನೂ ನಾನ ಅದರ ಬಾಯಿ ಮುಚ್ಚಿಸಿದೆ."

"ನೀ ಒತ್ತಿದ್ದು ಗುಂಡಿ, ತಾಯಿ. ನಾ ಬಾಯಾಗ ಇಟ್ಟೀನಿ."

ಫಕೀರಸಾಬ ಬಾಗಿಲ ಬಳಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಅವರ ದೇವರ ಕೆಲಸವೆಂದು ತಾನು ಆಚೆ ನೋಡಿದೆ ಎಂದು ಅವನು ಯಾರೂ ಕೇಳದಿದ್ದರೂ ಹೇಳಿದ.

ಹೊರಗೆ ಕಳಿಸಬೇಕಾದರೆ ಪೆಟ್ಟಿಗೆಯೇ ಚೀಟಿ ಕೊಡಬೇಕು. ಚೀಟಿ ಇಲ್ಲದೆ ಜೈಲಿನ ಬಾಗಿಲು ತೆರೆಯುವ ಅಧಿಕಾರ ಅಧೀಕ್ಷಕರಿಗೂ ಇರಲಿಲ್ಲ. ಚಂದ್ರವ್ವ ಸೌಗಂಧಿಯನ್ನು ಎತ್ತಿ ಹಿಡಿದಳು. ಬೆರಳು ತೂತಿಗೆ ಹೋಯಿತು. ಪೆಟ್ಟಿಗೆ ಚುಚ್ಚಿತು, ಅಳೆಯಿತು, ಈ ಬೆರಳಿನ ಅಳತೆ ದೋಷಪೂರಿತ ಎಂದು ತೋರಿಸಿ ಸುಮ್ಮನಾಯಿತು. ಮತ್ತೊಮ್ಮೆ ಇಟ್ಟರೂ ಅದೇ. ಅದಕ್ಕೆ ಆ ಬೆರಳನ್ನು ನಂಬಬೇಡವೆಂದು ಮೂರು ಸಲ ಹೇಳಿದ್ದರಲ್ಲ.

ಈಗ ಇದ್ದದ್ದು ಒಂದೇ ದಾರಿ. ಆ ಮೂರು ಗುರುತುಗಳನ್ನು ತೆಗೆದುಹಾಕಬೇಕು. ತೆಗೆದ ಕೂಡಲೇ ಸೌಗಂಧಿಯ ಗೆರೆ ಮಿತಿ ದಾಟಿದ್ದು ಲೆಕ್ಕಕ್ಕೆ ಬರುತ್ತದೆ. ಚೀಟಿ ಬರುತ್ತದೆ, ಪ್ರಯೋಗ ಮುಚ್ಚುತ್ತದೆ. ನೀಲಾಂಬಿಕಾ ಇದನ್ನು ಮುಚ್ಚುಮರೆಯಿಲ್ಲದೆ ಐವರ ಮುಂದೆಯೂ ಹೇಳಿದಳು. ಅವಳಿಗೆ ಅನುಮತಿ ಬೇಕಾಗಿರಲಿಲ್ಲ, ಆದರೂ ಪೆಟ್ಟಿಗೆಗಳಿಗೆ ಆದೇಶ ಕೊಡುವ ಕೈಯಂತ್ರವನ್ನು ಚೀಲದಿಂದ ತೆಗೆದು ಹಿಡಿದು ಕಾದಳು. ಸೌಗಂಧಿ ಬೇಡವೆಂದು ತಲೆಯಾಡಿಸುತ್ತಲೇ ಇದ್ದಳು. ಉಳಿದ ಮೂವರು ಗುರುವಿನ ಮುಖ ನೋಡಿದರು. ಹುಲಿಗೆವ್ವ ಎದ್ದು ಬಂದು ನೀಲಾಂಬಿಕಾಳ ಬೆರಳನ್ನು ತನ್ನ ಒರಟು ಕೈಯಲ್ಲಿ ಹಿಡಿದಳು, ಯಾವುದನ್ನು ಒತ್ತಬೇಕು ತೋರಿಸು ಎಂದಳು. ಇಬ್ಬರೂ ಸೇರಿ ಒತ್ತಿದರು.

ಪೆಟ್ಟಿಗೆಯಿಂದ ಚೀಟಿ ಬಂತು. ಅದರ ಮೇಲೆ ಕಾವಲಿಗೆ ಗಂಡು ಪೊಲೀಸೋ ಹೆಣ್ಣು ಪೊಲೀಸೋ ಎಂಬ ಪ್ರಶ್ನೆಯಿತ್ತು. ಹಿಂದೆ ಈ ಒಂದು ಪ್ರಶ್ನೆಗೆ ಕೈದಿಗಳು ಅರ್ಧ ದಿನ ಬಾಗಿಲಲ್ಲಿ ಬಿದ್ದಿರುತ್ತಿದ್ದರಂತೆ. ಫಕೀರಸಾಬ ಎರಡಕ್ಕೂ ಗುರುತು ಹಾಕಿ, ಸಿಕ್ಕ ಇಬ್ಬರನ್ನು ಹತ್ತಿಸಿಕೊಂಡು, ತರಕಾರಿ ತರುವ ಟೆಂಪೋದಲ್ಲಿ ಅವಳನ್ನು ಮಲಗಿಸಿಕೊಂಡು ಹೊರಟ. ಟೆಂಪೋ ತಿರುವಿನಲ್ಲಿ ಮರೆಯಾಗುವಾಗ ಏಳನೇ ಕೊಠಡಿಯ ಪೆಟ್ಟಿಗೆಯ ಪರದೆ ಖಾಲಿಯಾಗಿ, ಮತ್ತೆ ಬೆಳಗಿತು. ಗಂಡು, ಹೆಣ್ಣು. ಒಂದನ್ನು ಒತ್ತಿ.

*

ಸೌಗಂಧಿ ಸಾಯಲಿಲ್ಲ. ಇಪ್ಪತ್ತೆರಡು ದಿನದ ಮೇಲೆ ಊರುಗೋಲು ಹಿಡಿದು ಅದೇ ಟೆಂಪೋದಲ್ಲಿ ಬಂದು ಇಳಿದಳು. ಆ ವೇಳೆಗೆ ನೀಲಾಂಬಿಕಾಳ ಮೇಲೆ ವಿಚಾರಣೆ ಶುರುವಾಗಿತ್ತು. ಐವರ ಬೆರಳುಗಳನ್ನು ಹಳೆಯ ಪಟ್ಟಿಗೆ ಮರಳಿಸಿ, ಉಳಿದ ಮದ್ದಿನ ಸುರುಳಿಯನ್ನು ಪೆಟ್ಟಿಗೆಯಿಂದ ತೆಗೆದು ಮೊಹರು ಮಾಡುವ ಕೆಲಸವನ್ನು ಮಾತ್ರ ಅವಳಿಗೇ ಬಿಟ್ಟಿದ್ದರು. ಅವಳು ಆ ಕೆಲಸಕ್ಕೆ ಅದೇ ಬೆಳಿಗ್ಗೆ ಬಂದಿದ್ದಳು.

ಜೈಲಿಗೆ ಬರುವ ಮೊದಲು ನಿರ್ದೇಶಕರ ಬಾಗಿಲಲ್ಲಿ ಎರಡು ದಿನ ಕೂತು ಬಂದಿದ್ದಳು. ಮದ್ದು ತಪ್ಪಲ್ಲ, ಅಳತೆ ತಪ್ಪಲ್ಲ, ಒಬ್ಬೊಬ್ಬರನ್ನು ಬೇರೆ ಬೇರೆ ಅಳೆದದ್ದು ತಪ್ಪು, ಹಂಚಿ ತಿನ್ನುವವರೆಂದು ಮೊದಲೇ ಕೇಳಿ ತಿಳಿದಿದ್ದರೆ ಇದು ಆಗುತ್ತಿರಲಿಲ್ಲ ಎಂದು ಬರೆದು ಕೊಟ್ಟಿದ್ದಳು. ಅವರು ಓದಿದರು. ಆಮೇಲೆ ಆ ಕೊನೆಯ ಸಾಲನ್ನು ಮತ್ತೆ ಬೆರಳಿಟ್ಟು ತೋರಿಸಿದರು.

ಆಸ್ಪತ್ರೆಯವರು ಕೊಟ್ಟ ಕಾಗದವನ್ನು ಸೌಗಂಧಿ ಅವಳ ಕೈಗೆ ಕೊಟ್ಟಳು. ಹೆಣ್ಣು ಹಾರ್ಮೋನು ಇನ್ನೆಂದೂ ಕೂಡದು. ಸೊಂಟದ ಎಲುಬು ಟೊಳ್ಳಾಗಿದೆ, ಏನೂ ಕೊಡದೆ ಬಿಟ್ಟರೆ ಮಳೆಗಾಲದೊಳಗೆ ಮುರಿಯಬಹುದು, ಮುರಿದರೆ ಏಳುವುದು ಕಷ್ಟ. ಕೆಳಗೆ ಆಸ್ಪತ್ರೆಯ ಪೆಟ್ಟಿಗೆಯ ಸಲಹೆ ಒಂದೇ ಸಾಲಿನಲ್ಲಿತ್ತು: ಒಂದನೇ ಪಟ್ಟಿ, ಎಂದರೆ ಗಂಡು. ಅದಕ್ಕೂ ಅಪಾಯವಿತ್ತು, ಆದರೆ ಅದು ಪಟ್ಟಿಯೊಳಗಿನ ಅಪಾಯ. ಅದನ್ನು ಯಾರೂ ಪ್ರಶ್ನಿಸುವುದಿಲ್ಲ.

ಓದಿ ಹೇಳುವ ಅಗತ್ಯವಿರಲಿಲ್ಲ. ಸೌಗಂಧಿಗೆ ದಾರಿಯಲ್ಲೇ ಫಕೀರಸಾಬ ಓದಿ ಹೇಳಿದ್ದ.

"ಎಲುಬು ಗಟ್ಟಿ ಆಗಾಕ ಎಷ್ಟು ದಿನಾ ತಗೋಬೇಕ್ರಿ ಅಕ್ಕಾರ?"

"ಎರಡು ವರ್ಷ."

"ಗಡ್ಡ ಯಾವಾಗ ಬರ್ತೈತಿ?"

ನೀಲಾಂಬಿಕಾಗೆ ಅದೂ ಗೊತ್ತಿತ್ತು. ಮೂರು ನಾಲ್ಕು ತಿಂಗಳು ಎಂದಳು. ಆ ಕೊಠಡಿಯಲ್ಲಿ ಬ್ಲೇಡು ಇಟ್ಟುಕೊಳ್ಳಲು ಅನುಮತಿಯಿರಲಿಲ್ಲ. ವಾರಕ್ಕೊಮ್ಮೆ ಕ್ಷೌರಿಕ ಬರುತ್ತಿದ್ದದ್ದು ಗಂಡಸರ ಕೊಠಡಿಗೆ. ಸೌಗಂಧಿ ತನ್ನ ಕೆನ್ನೆಯನ್ನು ಒಂದು ಸಲ ಸವರಿಕೊಂಡಳು. ಚಂದ್ರವ್ವ ಅವಳ ಪಕ್ಕಕ್ಕೆ ಸರಿದು, ಹೊಲಿಗೆಯ ದಾರ ಎರಡೆಳೆ ಮಾಡಿ ತಾನು ಒಂದೊಂದೇ ಕೂದಲು ಕೀಳುತ್ತೇನೆ, ದಿನವೂ ಕೀಳುತ್ತೇನೆ, ನಿನ್ನಕಿಂತ ಮೊದಲ ನನ್ನ ಬೆರಳು ದಣಿದ್ರ ಕೇಳು ಎಂದಳು. ನಗಿಸಲೆಂದೇ ಹೇಳಿದಳು. ಯಾರೂ ನಗಲಿಲ್ಲ.

ಹುಲಿಗೆವ್ವ ಬೇಡ ಎಂದಳು. ಬೇಡ ಮಗಳ, ನಾವೆಲ್ಲ ನಿನ್ನ ಹೊತ್ತುಕೊಂಡು ತಿರುಗ್ತೀವಿ, ಇಷ್ಟು ವರ್ಷ ಪಟ್ಟ ಪಾಡು ಇದಕ್ಕೇನು, ಮನೆ ಬಿಟ್ಟದ್ದು, ಅಪ್ಪನ ಕೈಲಿ ಬಡಿಸಿಕೊಂಡದ್ದು ಇದಕ್ಕೇನು ಎಂದಳು. ಸೌಗಂಧಿ ಗುರುವಿನ ಮಾತನ್ನು ಮೀರಿದವಳಲ್ಲ. ಆದರೆ ಅವಳು ಊರುಗೋಲು ಊರಿ ಎದ್ದಳು.

"ಮುರುದ್ರೂ ಪರವಾಗಿಲ್ಲ ಅಂತ ಕಾಲ ಮ್ಯಾಲ ನಿಂತವರು ಅಂತಾರ, ಅವ್ವಾ. ನಾ ಇಪ್ಪತ್ತೆರಡು ದಿನ ಮಲಗಿ ನೋಡೀನಿ. ಉಚ್ಚಿ ಹೊಯ್ಯಾಕ ಇನ್ನೊಬ್ಬರನ್ನ ಕರೀಬೇಕು. ಅಲ್ಲಿ ಕರದ್ರ ಯಾರೂ ಬರಲಿಲ್ಲ. ಗಂಡಸರ ವಾರ್ಡಿನವ್ರು ಹೆಂಗಸರ ವಾರ್ಡಿನ್ಯಾಗ ಕೇಳು ಅಂದ್ರು, ಅವ್ರು ಇವ್ರನ್ನ ಕೇಳು ಅಂದ್ರು. ನನಗ ನಡೀಬೇಕು."

ಹುಲಿಗೆವ್ವ ದಾರಿ ಬಿಟ್ಟು ಪಕ್ಕಕ್ಕೆ ಸರಿದಳು.

ಪೆಟ್ಟಿಗೆಗೆ ಏಳು ಹೆಜ್ಜೆ. ಸೌಗಂಧಿ ಯಾರ ಕೈಯನ್ನೂ ಹಿಡಿಯದೆ ನಡೆದಳು. ಆ ಕೊಠಡಿಯ ಮೂಲೆಯ ಬಚ್ಚಲಿಗೆ ಬಾಗಿಲಿರಲಿಲ್ಲ. ಒಬ್ಬರು ಮೈ ತೊಳೆಯಲು ನಿಂತರೆ ಉಳಿದವರು ಗೋಡೆಯ ಕಡೆ ತಿರುಗುವುದು ಅವರ ನಡುವೆ ಬೆಳೆದ ಮರ್ಯಾದೆ. ಈಗ ಅವಳು ಪರದೆಯ ಮುಂದೆ ನಿಂತು ಬೆರಳು ಎತ್ತಿದಾಗ ಮೊದಲು ಚಂದ್ರವ್ವ, ಆಮೇಲೆ ಉಳಿದ ಇಬ್ಬರು ಗೋಡೆಯ ಕಡೆ ತಿರುಗಿದರು. ಹುಲಿಗೆವ್ವ ಎಲ್ಲರಿಗಿಂತ ಕೊನೆಗೆ ತಿರುಗಿದಳು, ಹಣೆಯನ್ನು ಗೋಡೆಗೆ ಇಟ್ಟಳು. ನೀಲಾಂಬಿಕಾ ಮೊಹರಿನ ಚೀಲ ಕೈಯಲ್ಲಿ ಹಿಡಿದು ಒಂದು ಕ್ಷಣ ನಿಂತಳು. ಯಾರು ಯಾವುದನ್ನು ಒತ್ತಿದರೆಂದು ನೋಡಿ ಬರೆದುಕೊಳ್ಳುವುದು ಅವಳ ಕೆಲಸವಾಗಿತ್ತು. ಅವಳೂ ತಿರುಗಿದಳು.

ಬೆನ್ನ ಹಿಂದೆ ಪೆಟ್ಟಿಗೆಯ ಬಾಯಿ ತೆರೆದ ಸದ್ದು ಕೇಳಿತು. ಎಸಳು ಬಿದ್ದದ್ದು ಕೇಳಲಿಲ್ಲ, ಅಷ್ಟು ಹಗುರ ಅದು.